ನಡು ಗಟ್ಟಿಯಾದರೆ ನಡೆ ಗಟ್ಟಿ: ದಿನಕ್ಕೆ ಐದು ನಿಮಿಷದ ಒಂದು ವ್ಯಾಯಾಮ

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳ ಅಡಿಕೆ ತೋಟಗಳಲ್ಲಿ ವರ್ಷದ ಯಾವ ಋತುವಿನಲ್ಲಿಯೂ ಬೆನ್ನಿಗೆ ಬಿಡುವಿಲ್ಲ. ಮಳೆಗಾಲ ಹಿಡಿದೊಡನೆ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ ಆರಂಭವಾಗುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕದಲ್ಲಿ ಬೋರ್ಡೋ ದ್ರಾವಣವನ್ನು ಡ್ರಮ್ಮುಗಳಲ್ಲಿ ಕಲಸಬೇಕು; ಜಾರುವ ನೆಲದಲ್ಲಿ ಪೈಪು ಎಳೆಯಬೇಕು; ಉದ್ದನೆಯ ದೋಟಿಯನ್ನು ಮೇಲೆತ್ತಿ ಹಿಡಿದು ನಿಲ್ಲಬೇಕು. ಮಳೆ ನಿಂತ ಬಳಿಕ ಕೊಯ್ಲು. ಉದುರಿದ ಅಡಿಕೆಯನ್ನು ಬಗ್ಗಿ ಹೆಕ್ಕುವುದು, ಗೋಣಿ ಹೊರುವುದು, ಅಂಗಳದಲ್ಲಿ ಹರಡಿ ಒಣಗಿಸುವುದು, ಒಣಗಿದುದನ್ನು ಗಂಟೆಗಟ್ಟಲೆ ಕುಳಿತು ಸುಲಿದು ಚಾಲಿ ಮಾಡುವುದು, ಇವೆಲ್ಲ ಸೊಂಟದ ಮೇಲೆಯೇ ಬೀಳುವ ಹೊರೆಗಳು.

ರಬ್ಬರ್ ತೋಟಗಳ ದುಡಿಮೆಯೂ ಕಡಿಮೆಯದಲ್ಲ. 1964ರ ಭಾರತ ಮತ್ತು ಸಿಲೋನ್ ನಡುವಣ ಒಪ್ಪಂದದ ತರುವಾಯ ಸ್ವದೇಶಕ್ಕೆ ಮರಳಿದ ಅನೇಕ ತಮಿಳು ಕುಟುಂಬಗಳು ಈ ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳ ಕೆಲಸಕ್ಕೆ ನಿಂತವು. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುವುದರಿಂದ ಟ್ಯಾಪಿಂಗ್ ಮಾಡುವವರು ಬೆಳಕು ಹರಿಯುವ ಮುನ್ನವೇ ಎದ್ದು, ಮರದಿಂದ ಮರಕ್ಕೆ ಬಗ್ಗಿ ಏಳುತ್ತ ಸಾಗುತ್ತಾರೆ.

ಇಂತಹ ಶ್ರಮಜೀವಿಗಳ ಮುಂದೆ ವ್ಯಾಯಾಮದ ಮಾತೆತ್ತಿದರೆ, "ಇಡೀ ದಿನ ತೋಟದಲ್ಲಿ ದುಡಿಯುವವರಿಗೆ ವ್ಯಾಯಾಮ ಬೇರೆ ಬೇಕೆ?" ಎಂಬ ಪ್ರಶ್ನೆ ಬರುವುದು ಸಹಜ. ಆದರೆ ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆಯು ದೇಹದ ಬಲವನ್ನು ಬಳಸಿಕೊಳ್ಳುತ್ತದೆ. ವ್ಯಾಯಾಮವು ಬಲವನ್ನು ಕೂಡಿಡುತ್ತದೆ. ದುಡಿಮೆಯಲ್ಲಿ ಒಂದೇ ಬಗೆಯ ಚಲನೆ ಸಾವಿರ ಸಲ ನಡೆಯುತ್ತದೆ. ಕೆಲವು ಸ್ನಾಯುಗಳು ಬಳಲುತ್ತವೆ, ಕೆಲವು ಮಲಗಿಯೇ ಇರುತ್ತವೆ. ಹಾಗೆ ಮಲಗಿದ ಸ್ನಾಯುಗಳನ್ನು ಎಬ್ಬಿಸುವುದೇ ಇಲ್ಲಿ ಹೇಳಹೊರಟಿರುವ ವ್ಯಾಯಾಮದ ಉದ್ದೇಶ.

ನಡುವೆಂಬ ಕಂಬ

ಸೊಂಟದ ಭಾಗದಲ್ಲಿರುವ ಬೆನ್ನುಮೂಳೆಗಳು ಐದೇ ಐದು. ಎದೆಯ ಭಾಗಕ್ಕೆ ಪಕ್ಕೆಲುಬುಗಳ ಪಂಜರದ ಆಸರೆಯಿದೆ; ಸೊಂಟಕ್ಕೆ ಅಂತಹ ಎಲುಬಿನ ಆಸರೆಯಿಲ್ಲ. ಅದನ್ನು ನಾಲ್ಕೂ ಕಡೆಯಿಂದ ಹಿಡಿದು ನಿಲ್ಲಿಸುವವು ಸ್ನಾಯುಗಳು. ಮುಂದೆ ಹಾಗೂ ಪಕ್ಕಗಳಲ್ಲಿ ಹೊಟ್ಟೆಯ ಸ್ನಾಯುಗಳು, ಹಿಂದೆ ಬೆನ್ನಿನ ಸ್ನಾಯುಗಳು, ಮೇಲೆ ಉಸಿರಾಟದ ವಪೆ, ಕೆಳಗೆ ಕಿಬ್ಬೊಟ್ಟೆಯ ತಳದ ಸ್ನಾಯುಗಳು. ಈ ಒಟ್ಟು ಕಟ್ಟನ್ನೇ ಇಂದಿನ ವೈದ್ಯರು 'ಕೋರ್' ಎಂದು ಕರೆಯುತ್ತಾರೆ.

ಇದರ ಮುಖ್ಯ ಕೆಲಸ ಬಾಗುವುದಲ್ಲ, ಬಾಗದಂತೆ ತಡೆಯುವುದು. ಕೈ ಗೋಣಿಯನ್ನು ಎತ್ತುವಾಗ, ಕಾಲು ಗುಡ್ಡವನ್ನು ಏರುವಾಗ ನಡು ಅಲುಗದೆ ನಿಂತರೆ ಮಾತ್ರ ಬಲವು ಕಾಲಿನಿಂದ ಕೈಗೆ ಸರಿಯಾಗಿ ಹರಿಯುತ್ತದೆ. ನಡು ಸಡಿಲವಾದರೆ ಆ ಹೊರೆಯೆಲ್ಲ ಬೆನ್ನುಮೂಳೆಗಳ ನಡುವಿನ ಮೆತ್ತೆಗಳ, ಅಂದರೆ ಡಿಸ್ಕುಗಳ ಮೇಲೆ ಬೀಳುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಜಗತ್ತಿನಾದ್ಯಂತ 61.9 ಕೋಟಿ ಜನರು ಸೊಂಟನೋವಿನಿಂದ ಬಳಲುತ್ತಿದ್ದರು. ದೀರ್ಘಕಾಲದ ಸೊಂಟನೋವಿನ ಬಗ್ಗೆ ಅದೇ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವ್ಯಾಯಾಮಕ್ಕೂ ಸ್ಥಾನವಿದೆ.

ಈ ವ್ಯಾಯಾಮವೇ ಏಕೆ?

ರಾತ್ರಿ ಮಲಗಿದಾಗ ಡಿಸ್ಕುಗಳು ನೀರನ್ನು ಹೀರಿಕೊಂಡು ಉಬ್ಬುತ್ತವೆ. ಬೆಳಿಗ್ಗೆ ಅಳೆದರೆ ನಮ್ಮ ಎತ್ತರ ಸಂಜೆಗಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುವುದು ಇದರಿಂದಲೇ. ಹೀಗೆ ಉಬ್ಬಿದ ಡಿಸ್ಕಿನ ಮೇಲೆ ಮುಂದಕ್ಕೆ ಬಗ್ಗಿದಾಗ ಬೀಳುವ ಒತ್ತಡವೂ ಹೆಚ್ಚು. ಆದುದರಿಂದ ಎದ್ದ ಕೂಡಲೇ ಹೊಟ್ಟೆಯನ್ನು ಮಡಚಿ ಏಳುವಂತಹ ವ್ಯಾಯಾಮಗಳು ಬೆನ್ನುನೋವಿರುವವರಿಗೆ ಹಿತವಲ್ಲ.

ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದಲ್ಲಿ ಬೆನ್ನುಮೂಳೆಯ ಚಲನೆಯನ್ನು ದೀರ್ಘಕಾಲ ಅಧ್ಯಯನ ಮಾಡಿದ ಪ್ರಾಧ್ಯಾಪಕ ಸ್ಟುವರ್ಟ್ ಮೆಗಿಲ್ ಅವರು ಬೆನ್ನಿನ ರಕ್ಷಣೆಗೆ ಮೂರು ವ್ಯಾಯಾಮಗಳನ್ನು ಆರಿಸಿಕೊಟ್ಟರು. ಅವುಗಳಲ್ಲಿ ಒಂದು, ಎದುರುಬದುರಾದ ಕೈ ಮತ್ತು ಕಾಲನ್ನು ಚಾಚುವ ವ್ಯಾಯಾಮ. ಇದರಲ್ಲಿ ಬೆನ್ನು ಬಾಗುವುದೇ ಇಲ್ಲ. ಮಾರ್ಜಾಲಾಸನ ಬಲ್ಲವರಿಗೆ ಇದರ ಆರಂಭದ ಸ್ಥಿತಿ ಹೊಸದೂ ಅಲ್ಲ. ಬೇಕಾದುದು ಒಂದು ಚಾಪೆ ಮಾತ್ರ.

ಮಾಡುವ ಕ್ರಮ

ಚಾಪೆಯ ಮೇಲೆ ಮಂಡಿಯೂರಿ, ಎರಡೂ ಅಂಗೈಗಳನ್ನು ನೆಲಕ್ಕೆ ಊರಬೇಕು. ಅಂಗೈಗಳು ಭುಜಗಳ ನೇರಕ್ಕೂ ಮಂಡಿಗಳು ಸೊಂಟದ ನೇರಕ್ಕೂ ಇರಲಿ. ಮಂಡಿ ನೋಯುವವರು ಕೆಳಗೆ ಮಡಚಿದ ಜಮಖಾನೆ ಹಾಕಿಕೊಳ್ಳಬಹುದು. ಬೆನ್ನು ಗೂನಾಗಲೂ ಬಾರದು, ಕೆಳಗೆ ಜೋಲಲೂ ಬಾರದು. ದೃಷ್ಟಿ ನೆಲದ ಕಡೆಗಿರಲಿ.

ಯಾರೋ ಹೊಟ್ಟೆಗೆ ಬೆರಳಿನಿಂದ ತಿವಿಯಲು ಬಂದಾಗ ಹೊಟ್ಟೆ ತಾನಾಗಿ ಬಿಗಿಯಾಗುತ್ತದೆಯಲ್ಲವೆ? ಅಷ್ಟೇ ಬಿಗಿ ಸಾಕು. ಅನಂತರ ಬಲಗಾಲನ್ನು ಹಿಂದಕ್ಕೂ ಎಡಗೈಯನ್ನು ಮುಂದಕ್ಕೂ ನಿಧಾನವಾಗಿ ಚಾಚಬೇಕು. ಎರಡೂ ಬೆನ್ನಿನ ಮಟ್ಟಕ್ಕೆ ಬಂದರೆ ಸಾಕು. ಎಂಟರಿಂದ ಹತ್ತು ಸೆಕೆಂಡು ಹಾಗೆಯೇ ನಿಲ್ಲಬೇಕು. ಉಸಿರಾಟ ಎಂದಿನಂತೆ ನಡೆದಿರಲಿ. ಬಳಿಕ ಮೆಲ್ಲನೆ ಮೊದಲಿನ ಸ್ಥಿತಿಗೆ ಬಂದು, ಎಡಗಾಲು ಮತ್ತು ಬಲಗೈಯಿಂದ ಇದನ್ನೇ ಮಾಡಬೇಕು.

ಪ್ರತಿ ಬದಿಗೆ ನಾಲ್ಕು ಸಲ ಮಾಡಿ ಸ್ವಲ್ಪ ವಿಶ್ರಾಂತಿ, ಮತ್ತೆ ಮೂರು ಸಲ, ಕೊನೆಗೆ ಎರಡು ಸಲ. ಎಲ್ಲ ಸೇರಿ ಐದಾರು ನಿಮಿಷ. ಹೊಸಬರು ಮೊದಲ ವಾರ ಕೈಗಳನ್ನು ಊರಿಕೊಂಡೇ ಕಾಲನ್ನು ಮಾತ್ರ ಚಾಚುವುದು ಒಳಿತು. ಚಾಪೆಯ ಮೇಲೆ ಮಂಡಿಯೂರಲಾಗದ ಹಿರಿಯರು ಅಂಗಳದಲ್ಲಿ ನಿಂತು, ಜಗಲಿಯ ಅಂಚಿಗೆ ಅಂಗೈ ಊರಿ, ಒಂದೊಂದೇ ಕಾಲನ್ನು ಹಿಂದಕ್ಕೆ ಚಾಚಬಹುದು.

ಕ್ರಮ ಸರಿಯಿದೆಯೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆ: ಮನೆಯವರು ಸೊಂಟದ ಮೇಲೆ ಒಂದು ತೆಳು ಪುಸ್ತಕವನ್ನಿಡಲಿ. ಅದು ಜಾರಿ ಬಿದ್ದರೆ ಸೊಂಟ ಒಂದು ಕಡೆಗೆ ವಾಲಿದೆ ಎಂದರ್ಥ. ಕಾಲನ್ನು ಅತಿಯಾಗಿ ಎತ್ತರಿಸುವುದು, ಉಸಿರು ಕಟ್ಟುವುದು, ಕತ್ತನ್ನು ಮೇಲೆತ್ತುವುದು ಸಾಮಾನ್ಯವಾಗಿ ಆಗುವ ತಪ್ಪುಗಳು. ಇಲ್ಲಿ ಎಷ್ಟು ಎತ್ತರಕ್ಕೆ ಚಾಚಿದೆವು ಎಂಬುದಕ್ಕಿಂತ ನಡು ಎಷ್ಟು ನಿಶ್ಚಲವಾಗಿತ್ತು ಎಂಬುದೇ ಮುಖ್ಯ.

ಎಚ್ಚರಿಕೆಯ ಮಾತು

ಎಲ್ಲ ಬೆನ್ನುನೋವಿಗೂ ವ್ಯಾಯಾಮವೇ ಮದ್ದಲ್ಲ. ನೋವು ಕಾಲಿಗೆ ಇಳಿದು ಪಾದ ಜೋಮು ಹಿಡಿಯುತ್ತಿದ್ದರೆ ಅಥವಾ ಕಾಲು ಬಲಗುಂದಿದ್ದರೆ, ಬೆನ್ನುನೋವಿನೊಡನೆ ಜ್ವರವಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ವೈದ್ಯರನ್ನು ಕಾಣಬೇಕು. ಮಲಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡಮಾಡಬಾರದು. ಮರದಿಂದ ಬಿದ್ದವರು, ಜಾರಿ ಬಿದ್ದವರು 'ಎಣ್ಣೆ ತಿಕ್ಕಿದರೆ ಸರಿಹೋಗುತ್ತದೆ' ಎಂದು ಸುಮ್ಮನಿರಬಾರದು. ಗರ್ಭಿಣಿಯರು, ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರ ಒಪ್ಪಿಗೆ ಪಡೆದೇ ತೊಡಗಬೇಕು. ಮಾಡುತ್ತಿರುವಾಗ ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು.

ತೋಟಕ್ಕೂ ಕೊಂಡೊಯ್ಯುವ ಪಾಠ

ಚಾಪೆಯ ಮೇಲೆ ಕಲಿತದ್ದು ತೋಟದಲ್ಲಿ ನೆನಪಿಗೆ ಬರಬೇಕು. ಗೋಣಿ ಎತ್ತುವ ಮುನ್ನ ಹೊಟ್ಟೆಯನ್ನು ಅದೇ ರೀತಿ ಬಿಗಿಮಾಡಿ, ಮಂಡಿಗಳನ್ನು ಮಡಚಿ, ಹೊರೆಯನ್ನು ಮೈಗೆ ಹತ್ತಿರ ಹಿಡಿದು ಏಳಬೇಕು. ಅಡಿಕೆ ಸುಲಿಯಲು ಕುಳಿತವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ನೆಲದ ಮೇಲೆ ಪೂಜೆಗೆ, ಧ್ಯಾನಕ್ಕೆ ಕುಳಿತುಕೊಳ್ಳಲು ಕಷ್ಟಪಡುವವರಿಗೂ ನಡುವಿನ ಬಲ ಮರಳಿದಂತೆ ಬೆನ್ನು ನೇರವಾಗಿ ಕೂರುವುದು ಸುಲಭವಾಗುತ್ತದೆ. ಫಲ ಒಂದೆರಡು ದಿನಗಳಲ್ಲಿ ಕಾಣದು. ವಾರಗಟ್ಟಲೆ ತಪ್ಪದೆ ಮಾಡಿದವರಿಗೆ ಕಾಣುತ್ತದೆ.

ಕಾಯಕಕ್ಕೆ ಕಾಯವೇ ಆಧಾರ. ಕತ್ತಿಯ ಅಲಗು ಮೊಂಡಾಗದಂತೆ ಮಸೆದಿಡುವ ನಾವು, ಆ ಕತ್ತಿ ಹಿಡಿಯುವ ದೇಹವನ್ನು ಮರೆಯುವುದು ಸರಿಯಲ್ಲ. ನಾಳೆ ಮುಂಜಾನೆ ಎದ್ದು ಮುಖ ತೊಳೆದು, ಸ್ವಲ್ಪ ಓಡಾಡಿದ ಮೇಲೆ, ತೋಟಕ್ಕೆ ಇಳಿಯುವ ಮುನ್ನ ಐದು ನಿಮಿಷ ಚಾಪೆ ಹಾಸಿರಿ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಜೊತೆಗೆ ಕರೆಯಿರಿ.