ಕಂಪ್ಯೂಟರಿನ ಗಡಿಯಾರವೂ ವೈರಸ್ಸಿನ ಮೇಲಿನ ಆರೋಪವೂ

ಪರದೆಯ ಮೂಲೆಯ ತಾರೀಖು ಹತ್ತಾರು ವರ್ಷ ಹಿಂದಕ್ಕೆ ಹೋಗಿ, ಅದೇ ವಾರದಲ್ಲಿ ಪ್ರೋಗ್ರಾಂಗಳೂ ತಾವಾಗಿಯೇ ಮುಚ್ಚಿಹೋಗತೊಡಗಿದರೆ, ‘ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಿಸಬೇಕು’ ಎಂಬ ತೀರ್ಪು ಯಂತ್ರದ ಮುಚ್ಚಳ ತೆಗೆಯುವ ಮೊದಲೇ ಹೊರಬೀಳುತ್ತದೆ. ಮನೆಯವರು, ಕಚೇರಿಯ ಸಹೋದ್ಯೋಗಿಗಳು, ಎಷ್ಟೋ ವೇಳೆ ದುರಸ್ತಿಯವರೂ ಒಕ್ಕೊರಲಿನಿಂದ ಆಡುವ ಈ ಮಾತಿನಲ್ಲಿ ಎರಡು ತಪ್ಪುಗಳು ಸೇರಿಕೊಂಡಿವೆ: ಗಡಿಯಾರವನ್ನು ಕೆಡಿಸಿದ್ದು ವೈರಸ್ಸೇ ಎಂಬುದು ಒಂದು, ಒಟ್ಟಿಗೆ ಕಾಣಿಸಿಕೊಂಡ ತೊಂದರೆಗಳ ಮೂಲವೂ ಒಂದೇ ಎಂಬುದು ಇನ್ನೊಂದು.

ಯಂತ್ರ ಆರಿರುವಾಗಲೂ ಹೊತ್ತನ್ನು ಎಣಿಸುವ ಕೆಲಸ ವಿಂಡೋಸಿನದಲ್ಲ, ಹಾರ್ಡ್ ಡಿಸ್ಕಿನದಂತೂ ಅಲ್ಲವೇ ಅಲ್ಲ. ಮದರ್‌ಬೋರ್ಡಿನ ಮೇಲೆ ‘ರಿಯಲ್ ಟೈಮ್ ಕ್ಲಾಕ್’ ಎಂಬ ಪುಟ್ಟ ಮಂಡಲವೊಂದಿದ್ದು, ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕದ ಕಂಪನಗಳನ್ನು ಎಣಿಸುತ್ತ ಅದು ಕಾಲವನ್ನು ನಡೆಸುತ್ತದೆ. ಎರಡರ ಹದಿನೈದನೆಯ ಘಾತವಾದ ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಸರಿಯಾಗಿ ಒಂದು ಸೆಕೆಂಡು ಸಿಗುತ್ತದೆ. 1981ರ ಐಬಿಎಂ ಪಿಸಿಯಲ್ಲಿ ಈ ಏರ್ಪಾಡೇ ಇರಲಿಲ್ಲವಾದ್ದರಿಂದ ಅದು ಪ್ರತಿ ಸಲ ಶುರುವಾದಾಗಲೂ ತಾರೀಖು, ವೇಳೆ ಎರಡನ್ನೂ ಬಳಕೆದಾರನನ್ನೇ ಕೇಳುತ್ತಿತ್ತು. 1984ರ ಪಿಸಿ ಎಟಿ ಮಾದರಿಯಲ್ಲಿ ಬ್ಯಾಟರಿಯ ಆಸರೆಯುಳ್ಳ ಗಡಿಯಾರ ಬಂದ ಮೇಲೆ ಆ ಕಾಟ ತಪ್ಪಿತು. ಇಂದಿನ ಮೇಜುಗಣಕಗಳಲ್ಲಿ ಆ ಆಸರೆ ಸಾಮಾನ್ಯವಾಗಿ ಸಿಆರ್2032 ಎಂಬ ನಾಣ್ಯದಾಕಾರದ, 20 ಮಿಲಿಮೀಟರ್ ಅಗಲದ, 3 ವೋಲ್ಟಿನ ಸೆಲ್ಲಿನದು, ಮತ್ತು ಅದರ ಬೆಲೆ ನೂರು ರೂಪಾಯಿ ದಾಟುವುದು ಅಪರೂಪ. ಸೆಲ್ ಬರಿದಾದಾಗ, ಗೋಡೆಯ ಸ್ವಿಚ್ ಆರಿದ ಕೂಡಲೇ ಗಡಿಯಾರ ತನ್ನ ಎಣಿಕೆಯನ್ನು ಕಳೆದುಕೊಂಡು, ತಯಾರಕರು ಬಯಾಸಿನಲ್ಲಿ, ಅಂದರೆ ಯಂತ್ರವನ್ನು ಎಬ್ಬಿಸುವ ಮೂಲ ತಂತ್ರಾಂಶದಲ್ಲಿ, ಬರೆದಿಟ್ಟ ಹಳೆಯ ತಾರೀಖಿಗೆ ಮರಳುತ್ತದೆ. ಅದೇ ತಾರೀಖು ಮತ್ತೆಮತ್ತೆ ಬರುವುದನ್ನು ಕಂಡೂ ವೈರಸ್ಸನ್ನು ಹುಡುಕುವವರ ತಾಳ್ಮೆಯನ್ನು ಮೆಚ್ಚಲೇಬೇಕು.

ಈ ನಂಬಿಕೆ ತೀರಾ ಗಾಳಿಯಲ್ಲಿ ಹುಟ್ಟಿದ್ದಲ್ಲದಿರಬಹುದು. 1987ರಲ್ಲಿ ಪತ್ತೆಯಾದ ಜೆರುಸಲೇಂ ವೈರಸ್ ಹದಿಮೂರನೆಯ ತಾರೀಖಿನ ಶುಕ್ರವಾರಕ್ಕಾಗಿಯೂ, ಮೈಕೆಲ್ಯಾಂಜೆಲೊ ಮಾರ್ಚ್ 6ಕ್ಕಾಗಿಯೂ ಹೊಂಚು ಹಾಕುತ್ತಿದ್ದವು. ಸಿಐಎಚ್ ಎಂಬುದು 1999ರ ಏಪ್ರಿಲ್ 26ರಂದು ಎಷ್ಟೋ ಯಂತ್ರಗಳ ಡಿಸ್ಕಿನ ಆರಂಭಭಾಗವನ್ನೂ ಬಯಾಸನ್ನೂ ಅಳಿಸಿಹಾಕಿತು. ಆದರೆ ಇವೆಲ್ಲ ತಾರೀಖನ್ನು ಓದುತ್ತಿದ್ದವೇ ಹೊರತು ತಿದ್ದುತ್ತಿರಲಿಲ್ಲ, ಮತ್ತು ತಾನು ಕಾಯುತ್ತಿರುವ ಗಡಿಯಾರವನ್ನು ತಾನೇ ಕೆಡಿಸಿಕೊಳ್ಳುವುದರಿಂದ ವೈರಸ್ಸಿಗೆ ಬರುವ ಲಾಭವೂ ಇಲ್ಲ. ಗಡಿಯಾರ ತಿದ್ದುವ ಕುತಂತ್ರಾಂಶ ಅಸಾಧ್ಯವೆಂದಲ್ಲ, ಆದರೆ ಅದನ್ನು ಶಂಕಿಸುವ ಸರದಿ ಸೆಲ್ಲನ್ನು ಪರೀಕ್ಷಿಸಿದ ಮೇಲೆ ಬರಬೇಕಾದದ್ದು.

ಹಾಗಾದರೆ ಫಾರ್ಮ್ಯಾಟ್ ಮಾಡಿಸಿದ ಮೇಲೆ ಸರಿಯಾದದ್ದು ಹೇಗೆ ಎಂಬ ಪ್ರಶ್ನೆ ಕೂಡಲೇ ಎದುರಾಗುತ್ತದೆ. ದುರಸ್ತಿಯಂಗಡಿಯಲ್ಲಿ ಯಂತ್ರಕ್ಕೆ ಇಡೀ ದಿನ ವಿದ್ಯುತ್ ಹರಿಯುತ್ತಿರುತ್ತದೆ, ವಿಂಡೋಸನ್ನು ಹೊಸದಾಗಿ ಹಾಕುವಾಗ ತಾರೀಖನ್ನು ಕೈಯಾರೆ ತಿದ್ದಲಾಗಿರುತ್ತದೆ, ಧೂಳು ಊದಿ ರ‍್ಯಾಮ್ ಪಟ್ಟಿಯನ್ನು ಕಿತ್ತು ಒರೆಸಿ ಮತ್ತೆ ಒತ್ತಿ ಕೂರಿಸಲಾಗಿರುತ್ತದೆ, ಕೆಲವೆಡೆ ಯಾರೂ ಮಾತೆತ್ತದೆ ಸೆಲ್ಲನ್ನೂ ಬದಲಿಸಿರುತ್ತಾರೆ. ಕೀರ್ತಿ ಮಾತ್ರ ಫಾರ್ಮ್ಯಾಟಿಗೆ ಸಲ್ಲುತ್ತದೆ. ಸೆಲ್ ಬದಲಿಸಿರದಿದ್ದರೆ, ರಾತ್ರಿ ಮೇನ್ ಸ್ವಿಚ್ ಆರಿಸುವ ಮನೆಗೆ ಯಂತ್ರ ಮರಳಿದ ಮರುದಿನವೇ ತಾರೀಖು ಮತ್ತೆ ಹಿಂದೆ ಬಿದ್ದಿರುತ್ತದೆ, ಮತ್ತು ಈ ಬಾರಿಯ ತೀರ್ಪು ‘ವೈರಸ್ ಬಹಳ ಗಟ್ಟಿ’ ಎಂದಾಗಿರುತ್ತದೆ. ಇಷ್ಟರ ನಡುವೆ ಬ್ಯಾಕಪ್ ಇಲ್ಲದ ಮದುವೆಯ ಫೋಟೊಗಳೂ ಹಳೆಯ ಲೆಕ್ಕಪತ್ರಗಳೂ ಅಳಿಸಿಹೋಗಿರುತ್ತವೆ.

ಇಲ್ಲಿ ಕೆಡುಕು ಕಂಪ್ಯೂಟರಿನದಲ್ಲ, ವಿಚಾರಣೆಯ ಕ್ರಮದ್ದು. ಜ್ವರ ಬಂದವನಿಗೆ ಕಾರಣ ಕೇಳದೆ ಇಂಜೆಕ್ಷನ್ ಚುಚ್ಚಿ, ಮೂರು ದಿನದಲ್ಲಿ ತಾನಾಗಿ ಇಳಿದ ಜ್ವರಕ್ಕೆ ಇಂಜೆಕ್ಷನ್ನನ್ನೇ ಹೊಗಳುವ ರೂಢಿಯಿರುವಲ್ಲಿ, ‘ಏನು ಮಾಡಿದಿರಿ’ ಎಂದು ಕೇಳುವವರು ಸಿಗುತ್ತಾರೆ, ‘ಏನಾಗಿತ್ತು’ ಎಂದು ಕೇಳುವವರು ಸಿಗುವುದಿಲ್ಲ. ಓದುಬರಹ ಬಲ್ಲವರೂ ಯಂತ್ರದ ಮುಂದೆ ಕೂತೊಡನೆ ಕಾರ್ಯಕಾರಣವನ್ನು ಬದಿಗಿಟ್ಟು, ಡೆಸ್ಕ್‌ಟಾಪಿನ ಮೇಲೆ ಹತ್ತು ಸಲ ರಿಫ್ರೆಶ್ ಒತ್ತಿದರೆ ವೇಗ ಹೆಚ್ಚುತ್ತದೆಂದು ನಂಬುತ್ತಾರೆ. ಅದು ಪರದೆಯ ಚಿತ್ರಗಳನ್ನು ಮತ್ತೊಮ್ಮೆ ಬಿಡಿಸುವುದಕ್ಕಿಂತ ಹೆಚ್ಚೇನನ್ನೂ ಮಾಡುವುದಿಲ್ಲ.

ಗಡಿಯಾರಕ್ಕೂ ಪ್ರೋಗ್ರಾಂಗಳ ಕಾಟಕ್ಕೂ ನಂಟೇ ಇಲ್ಲವೆನ್ನುವಂತಿಲ್ಲ, ಆದರೆ ಆ ನಂಟನ್ನು ಅರಿಯಲು ಕೆಲಸ ಮಾಡಲು ಒಪ್ಪದ ಪ್ರೋಗ್ರಾಂ ಯಾವುದು, ಕೆಲಸದ ನಡುವೆ ಕುಸಿದುಬೀಳುವ ಪ್ರೋಗ್ರಾಂ ಯಾವುದು ಎಂಬುದನ್ನು ಬೇರ್ಪಡಿಸಬೇಕು. ಸುರಕ್ಷಿತ ಜಾಲತಾಣಗಳ ಗುರುತುಪತ್ರಕ್ಕೆ, ಅಂದರೆ ಸರ್ಟಿಫಿಕೇಟಿಗೆ, ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುವುದರಿಂದ, 2009ರಲ್ಲಿದ್ದೇನೆಂದು ನಂಬಿದ ಯಂತ್ರಕ್ಕೆ ಇಂದಿನ ಸರ್ಟಿಫಿಕೇಟುಗಳೆಲ್ಲ ಇನ್ನೂ ಹುಟ್ಟದವಾಗಿ ಕಂಡು, ಬ್ಯಾಂಕಿನ ತಾಣವೂ ಇಮೇಲೂ ತೆರೆಯುವುದಿಲ್ಲ. 30 ಸೆಕೆಂಡಿಗೊಮ್ಮೆ ಬದಲಾಗುವ ಗುಪ್ತಸಂಖ್ಯೆ ಕೊಡುವ ಅಥೆಂಟಿಕೇಟರುಗಳು ಕೆಲವೇ ನಿಮಿಷದ ವ್ಯತ್ಯಾಸಕ್ಕೂ ಸೋಲುತ್ತವೆ. ವಿಂಡೋಸ್ ಡೊಮೇನುಳ್ಳ ಕಚೇರಿಗಳಲ್ಲಿ ವ್ಯತ್ಯಾಸ 5 ನಿಮಿಷ ಮೀರಿದರೆ ಲಾಗಿನ್ನೇ ನಿಲ್ಲಬಹುದು. ಇವು ಕುಸಿತಗಳಲ್ಲ, ನಿರಾಕರಣೆಗಳು, ತಾರೀಖು ಸರಿಪಡಿಸಿದರೆ ಮುಗಿಯುವಂಥವು. ಗಡಿಯಾರದಿಂದ ನಿಜವಾದ ಕುಸಿತವಾಗಬೇಕಾದರೆ ಪ್ರೋಗ್ರಾಂ ಓಡುತ್ತಿರುವಾಗಲೇ ಕಾಲ ಹಿಂದಕ್ಕೆ ಜಿಗಿಯಬೇಕು, ಮತ್ತು ಅದನ್ನು ಬರೆದವರು ಅಂಥದ್ದನ್ನು ಊಹಿಸಿರಬಾರದು. 2017ರ ಜನವರಿ 1ರಂದು, ಭಾರತದಲ್ಲಿ ಬೆಳಗಿನ ಐದೂವರೆಯಾಗುವ ಹೊತ್ತಿಗೆ, ಜಗತ್ತಿನ ಗಡಿಯಾರಗಳಿಗೆ ಅಧಿಕ ಸೆಕೆಂಡೊಂದನ್ನು ಸೇರಿಸಿದಾಗ ಕ್ಲೌಡ್‌ಫ್ಲೇರ್ ಸಂಸ್ಥೆಯ ತಂತ್ರಾಂಶದೊಳಗೆ ಎರಡು ವೇಳೆಗಳ ಅಂತರ ಋಣಸಂಖ್ಯೆಯಾಗಿ ಬಂದು, ಆ ಲೆಕ್ಕವನ್ನು ನೆಚ್ಚಿದ್ದ ಭಾಗ ಕುಸಿದುಬಿದ್ದದ್ದು ಇಂಥ ವಿರಳ ಪ್ರಸಂಗ.

ಗಡಿಯಾರ ಎಷ್ಟು ತಪ್ಪಿದೆ ಎಂಬ ಲೆಕ್ಕವೇ ಕಾರಣದ ಸುಳಿವು ಕೊಡುತ್ತದಾದರೂ ಅದನ್ನು ಗಮನಿಸುವವರು ಕಡಿಮೆ. ಸರಿಯಾಗಿ ಐದೂವರೆ ಗಂಟೆಯ ಅಂತರವಿದ್ದರೆ ಸೆಲ್ಲಿಗೂ ವೈರಸ್ಸಿಗೂ ಅದರಲ್ಲಿ ಪಾತ್ರವಿಲ್ಲ: ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇದ್ದಾಗ ಮೊದಲನೆಯದು ಬೋರ್ಡಿನ ಗಡಿಯಾರದಲ್ಲಿ ಸ್ಥಳೀಯ ವೇಳೆ ಇದೆಯೆಂದೂ ಎರಡನೆಯದು ಸಾಮಾನ್ಯವಾಗಿ ಯುಟಿಸಿ ಎಂಬ ಜಾಗತಿಕ ವೇಳೆ ಇದೆಯೆಂದೂ ಭಾವಿಸುವುದರಿಂದ, ಭಾರತದ ವೇಳೆಗೂ ಯುಟಿಸಿಗೂ ಇರುವ ಅಂತರವೇ ಅಲ್ಲಿ ಮೂಡುತ್ತದೆ. ದಿನಕ್ಕೆ ಒಂದೆರಡು ಸೆಕೆಂಡಿನಂತೆ ಸರಿಯುತ್ತಿದ್ದರೆ ಅದು ಸ್ಫಟಿಕದ ಸಹಜ ದೋಷ, ಏಕೆಂದರೆ ಹತ್ತು ಲಕ್ಷದಲ್ಲಿ 20 ಭಾಗದ ಏರುಪೇರೂ ದಿನಕ್ಕೆ 1.7 ಸೆಕೆಂಡಾಗುತ್ತದೆ. ಇಂಟರ್ನೆಟ್ ಇದ್ದರೆ ವೇಳೆ ತಾನೇ ಸರಿಹೋಗುತ್ತದೆಂಬ ಭರವಸೆಯೂ ಅರ್ಧಸತ್ಯ: ಹಲವು ಸಮಯ ಹೊಂದಿಕೆಯ ತಂತ್ರಾಂಶಗಳು ಮಿತಿ ಮೀರಿದ ವ್ಯತ್ಯಾಸವನ್ನು ಶಂಕಿಸಿ ತಿದ್ದಲು ಒಪ್ಪುವುದಿಲ್ಲ, ಲಿನಕ್ಸಿನ ಹಳೆಯ ಎನ್‌ಟಿಪಿಡಿಯಂತೂ 1000 ಸೆಕೆಂಡಿಗಿಂತ ಹೆಚ್ಚಿನ ಅಂತರ ಕಂಡರೆ ಕೈಚೆಲ್ಲಿ ನಿಂತುಬಿಡುತ್ತದೆ. ಕಂಪ್ಯೂಟರನ್ನು ಹೆಚ್ಚು ಹೊತ್ತು ಚಾಲೂ ಇಟ್ಟರೆ ಸೆಲ್ ಚಾರ್ಜ್ ಆಗುತ್ತದೆಂಬುದೂ ಸುಳ್ಳು, ಸಿಆರ್2032 ರೀಚಾರ್ಜ್ ಆಗುವ ಜಾತಿಯದೇ ಅಲ್ಲ.

ಸೆಲ್ ಬದಲಿಸಿದರೆ ಪ್ರೋಗ್ರಾಂಗಳೂ ನೆಟ್ಟಗಾಗುತ್ತವೆ ಎಂದುಕೊಳ್ಳುವುದು ಅದೇ ಭ್ರಮೆಯ ಇನ್ನೊಂದು ಮುಖ. ಸೆಲ್ ಬರಿದಾಗುವಷ್ಟು ಹಳತಾದ ಯಂತ್ರದಲ್ಲಿ ರ‍್ಯಾಮ್ ದೋಷ, ಬಡವಾದ ಪವರ್ ಸಪ್ಲೈ, ತಲೆಯುಬ್ಬಿದ ಕೆಪಾಸಿಟರುಗಳು, ಸಾಯುತ್ತಿರುವ ಡಿಸ್ಕ್ ಇವೂ ಇರಬಹುದು, ವಯಸ್ಸಲ್ಲದೆ ಇವುಗಳ ನಡುವೆ ಬೇರೆ ಬಂಧುತ್ವವಿರಬೇಕಿಲ್ಲ. ಸೆಲ್ಲಿನೊಡನೆ ಬಯಾಸಿನ ಹೊಂದಿಕೆಗಳೂ ಅಳಿಸಿ, ಡಿಸ್ಕನ್ನು ಓದುವ ವಿಧಾನ ಎಎಚ್‌ಸಿಐನಿಂದ ಐಡಿಇಗೆ ಮರಳಿ, ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲುವುದುಂಟು. ಅದು ಯಂತ್ರ ಶುರುವಾಗುವಾಗಿನ ತೊಡಕು, ಮಧ್ಯಾಹ್ನ ಟೈಪ್ ಮಾಡುವಾಗಿನ ಕುಸಿತವಲ್ಲ. ಆದರೂ ಗಡಿಯಾರವನ್ನೇ ಮೊದಲು ಸರಿಪಡಿಸಬೇಕು, ಏಕೆಂದರೆ ಯಾವ ಪ್ರೋಗ್ರಾಂ ಎಂದು ಬಿತ್ತು, ಅದಕ್ಕೆ ಮುಂಚೆ ಯಾವ ಡ್ರೈವರ್ ಬದಲಾಯಿತು, ಡಿಸ್ಕ್ ಎಂದಿನಿಂದ ತಪ್ಪು ಓದತೊಡಗಿತು ಎಂಬುದನ್ನೆಲ್ಲ ವಿಂಡೋಸಿನ ಈವೆಂಟ್ ವ್ಯೂವರ್ ತಾರೀಖಿನ ಕ್ರಮದಲ್ಲಿ ಬರೆದಿಡುತ್ತದೆ, ಮತ್ತು ನಿನ್ನೆಯ ಕುಸಿತ 2009ರ ಜನವರಿಯದೆಂದು ದಾಖಲಾಗಿರುವ ಯಂತ್ರದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸುವುದು ನುರಿತವರಿಗೂ ಕಷ್ಟ. ಫಾರ್ಮ್ಯಾಟ್ ಮಾಡಿದರೆ ಈ ದಾಖಲೆಯೂ ಅಳಿಸಿಹೋಗುತ್ತದೆ.