ಕಷಾಯಕ್ಕೆ ಬಗ್ಗದ ಸೋಂಕು

ಮಗುವಿಗೆ ಮೇಲಿಂದ ಮೇಲೆ ನ್ಯುಮೋನಿಯಾ ಬರುತ್ತಿದೆ, ಕಿವಿ ಸೋರುವುದು ನಿಲ್ಲುತ್ತಿಲ್ಲ ಎಂದರೆ ಸಾಕು, ‘ಇಮ್ಯುನಿಟಿ ಕಮ್ಮಿ, ಅಮೃತಬಳ್ಳಿ ಕಷಾಯ ಕೊಡಿ’ ಎನ್ನುವವರು ಹತ್ತು ಜನ ಸಿಗುತ್ತಾರೆ. ಹುಟ್ಟಿನಿಂದಲೇ ರೋಗನಿರೋಧಕ ಕೊರತೆಯಿರುವ ಮಗುವಿಗೆ ಈ ಸಲಹೆಯಿಂದ ಆಗುವ ನಷ್ಟ ದೊಡ್ಡದು. ಕಷಾಯ ಕುಡಿಸುತ್ತಾ ಕಳೆದ ಒಂದೊಂದು ವರ್ಷವೂ ಶ್ವಾಸಕೋಶವನ್ನು ತಿನ್ನುತ್ತದೆ.

ಇಂಥ ಕೊರತೆಗಳು 400ಕ್ಕೂ ಹೆಚ್ಚು ಬಗೆ. ಒಂದನ್ನೇ ನೋಡಿ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡನ್ ಬ್ರೂಟನ್, ಪದೇ ಪದೇ ನ್ಯುಮೋಕಾಕಸ್ ಸೋಂಕಿಗೆ ತುತ್ತಾಗುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಗ್ಯಾಮಾ ಗ್ಲಾಬ್ಯುಲಿನ್, ಅಂದರೆ ಪ್ರತಿಕಾಯಗಳಿರುವ ಪ್ರೋಟೀನೇ ಇಲ್ಲ ಎಂದು ತೋರಿಸಿದರು. ಅದನ್ನು ಹೊರಗಿನಿಂದ ಕೊಟ್ಟಾಗ ಸೋಂಕು ಹತೋಟಿಗೆ ಬಂತು. ಎಕ್ಸ್ ಕ್ರೋಮೋಸೋಮಿನಲ್ಲಿರುವ ಬಿಟಿಕೆ ಜೀನಿನ ದೋಷ ಈ ಕೊರತೆಗೆ ಕಾರಣ ಎಂಬುದು 1993ರಲ್ಲಿ ತಿಳಿಯಿತು. ಆ ಜೀನ್ ಕೆಟ್ಟರೆ ಬಿ ಕೋಶಗಳು ಬಲಿಯುವುದಿಲ್ಲ, ಪ್ರತಿಕಾಯಗಳು ತಯಾರಾಗುವುದಿಲ್ಲ. ಬೀಜವೇ ಬೀಳದ ಹೊಲಕ್ಕೆ ಎಷ್ಟು ಗೊಬ್ಬರ ಸುರಿದರೇನು? ತಾಯಿಯಿಂದ ಬಂದ ಪ್ರತಿಕಾಯಗಳು ಕರಗುವ ತನಕ, ಅಂದರೆ ಸುಮಾರು ಆರು ತಿಂಗಳು, ಮಗು ಚೆನ್ನಾಗಿಯೇ ಇರುತ್ತದೆ. ಆಮೇಲೆ ಕಾಯಿಲೆ ಶುರುವಾದರೆ ದೃಷ್ಟಿ ತಗುಲಿತು ಎನ್ನುತ್ತಾರೆ.

ಚಿಕಿತ್ಸೆ ಇದೆ. ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್ನನ್ನು ಡ್ರಿಪ್ ಮೂಲಕ ಮೂರು-ನಾಲ್ಕು ವಾರಕ್ಕೊಮ್ಮೆ, ಜೀವನಪೂರ್ತಿ ಕೊಡಬೇಕು. ಅದರಲ್ಲಿರುವುದು ಮುಖ್ಯವಾಗಿ ಐಜಿಜಿ ಎಂಬ ಬಗೆಯ ಪ್ರತಿಕಾಯ. ಮೂಗು, ಶ್ವಾಸನಾಳಗಳ ಒಳಪದರವನ್ನು ಕಾಯುವ ಐಜಿಎ ಸಿಗುವುದಿಲ್ಲ. ಹಾಗಾಗಿ ಡ್ರಿಪ್ ಹಾಕಿಸಿಕೊಂಡರೂ ಸೈನಸ್, ಎದೆಯ ಸೋಂಕು ಮರುಕಳಿಸಬಹುದು. ಆಗ ಕಫ ಕಲ್ಚರ್ ಮಾಡಿಸಿ, ಬ್ಯಾಕ್ಟೀರಿಯಾ ಯಾವುದೆಂದು ತಿಳಿದು, ಸಾಮಾನ್ಯಕ್ಕಿಂತ ಹೆಚ್ಚು ದಿನ ಆ್ಯಂಟಿಬಯಾಟಿಕ್ ಕೊಡಬೇಕಾಗುತ್ತದೆ. ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸಿದರೆ ಶ್ವಾಸನಾಳಗಳು ಹಿಗ್ಗಿ ಹಾಳಾಗಬಹುದು; ಆಮೇಲೆ ಅವು ಹಳೆಯ ಸ್ಥಿತಿಗೆ ಮರಳುವುದು ಕಷ್ಟ.

‘ಆ್ಯಂಟಿಬಯಾಟಿಕ್‌ನಿಂದಲೇ ಇಮ್ಯುನಿಟಿ ಹೋಯಿತು’ ಎನ್ನುತ್ತಾರೆ: ಇಲ್ಲಿ ಕೊರತೆ ಮೊದಲು, ಮಾತ್ರೆ ಆಮೇಲೆ. ‘ವಿಡಾಲ್ ನೆಗೆಟಿವ್, ಟೈಫಾಯಿಡ್ ಅಲ್ಲ’: ಪ್ರತಿಕಾಯ ತಯಾರಿಸದವರಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆಗೆ ಅರ್ಥವಿಲ್ಲ. ‘ಗಿಡಮೂಲಿಕೆಯಿಂದ ಹಾನಿಯಿಲ್ಲ’: ಅಮೃತಬಳ್ಳಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲೇ ಪ್ರಕಟಿಸಿದ್ದಾರೆ.

ಡಬ್ಬದ ಮೇಲೆ ‘ಇಮ್ಯುನಿಟಿ ಬೂಸ್ಟರ್’ ಎಂದು ಅಚ್ಚಾಗಿದ್ದರೆ ನಾವು ಪುರಾವೆ ಕೇಳುವುದಿಲ್ಲ. ವೈದ್ಯರು ರಕ್ತ ಪರೀಕ್ಷೆ ಬರೆದರೆ ಮಾತ್ರ ನೂರು ಅನುಮಾನ. ಒಂದೇ ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ ಬಂದ ಮಗುವಿಗೆ ಐಜಿಜಿ, ಐಜಿಎ, ಐಜಿಎಂ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಕಷಾಯ ಕೊಡಿ ಎನ್ನುವವರಿಗೂ ಇದನ್ನೇ ಹೇಳಿ.