ಆಟ ಮುಗಿದ ಮೇಲಿನ ಸಾಮಾನು

ಲಯನೆಲ್ ಮೇಪಲ್‌ಸನ್ನನಿಗೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಗ್ರಂಥಪಾಲಕನ ಕೆಲಸ. ವಾದ್ಯವೃಂದದವರಿಗೆ ಆಯಾ ರಾತ್ರಿಯ ಸ್ವರಲಿಪಿಯ ಹಾಳೆಗಳನ್ನು ಹಂಚುವುದು, ಆಟ ಮುಗಿದ ಮೇಲೆ ಎಣಿಸಿಕೊಂಡು ಮತ್ತೆ ಕಪಾಟಿಗೆ ಸೇರಿಸುವುದು. ಇಂಥವನು 1900ರಲ್ಲಿ ಎಡಿಸನ್ ಕಂಪನಿಯ ಫೋನೋಗ್ರಾಫ್ ಒಂದನ್ನು ಕೊಂಡುಕೊಂಡ. ಅಲ್ಲಿಗೆ ಹುಚ್ಚು ಹತ್ತಿತು. 1901ರಿಂದ 1903ರವರೆಗೆ, ಒಪೆರಾ ನಡೆಯುತ್ತಿದ್ದಾಗಲೇ ಅದರ ತುಣುಕುಗಳನ್ನು ಮೇಣದ ಉರುಳೆಗಳ ಮೇಲೆ ಮೂಡಿಸಿಕೊಳ್ಳತೊಡಗಿದ. ಮೊದಲು ಯಂತ್ರವಿಟ್ಟದ್ದು ರಂಗದ ಮುಂಭಾಗದಲ್ಲಿ, ಮರೆತ ಸಾಲನ್ನು ಎತ್ತಿಕೊಡುವ ಪ್ರಾಂಪ್ಟರನ ಗೂಡಿನಲ್ಲಿ. ಅಲ್ಲಿ ಫೋನೋಗ್ರಾಫಿನ ಕಹಳೆ ಪ್ರೇಕ್ಷಕರ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಯಂತ್ರವನ್ನು ರಂಗದ ನೆತ್ತಿಯ ಮೇಲಿನ, ಪರದೆಯ ಹಗ್ಗಗಳಿರುವ ಅಟ್ಟಕ್ಕೆ ಸಾಗಿಸಿದ. ಒಂದು ಉರುಳೆಯಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಎರಡು ನಿಮಿಷದ ಸದ್ದು, ಅಷ್ಟೆ.

ಆ ಉರುಳೆಗಳನ್ನು ಇಂದು ಕೇಳಿದರೆ ಮೊದಲು ಕಿವಿಗೆ ಬೀಳುವುದು ಗೊರಗೊರ ಸದ್ದು. ಮಳೆಯಲ್ಲಿ ದೂರದ ಊರಿನ ಜಾತ್ರೆಯ ಮೈಕು ಕೇಳಿದ ಹಾಗೆ. ಗಾಯಕ ರಂಗದ ಈ ಮೂಲೆಯಿಂದ ಆ ಮೂಲೆಗೆ ನಡೆದರೆ ದನಿಯೂ ದೂರ ಸರಿಯುತ್ತದೆ. ಆದರೆ ಯುರೋಪು, ಅಮೆರಿಕಗಳಲ್ಲಿ ಮನೆಮಾತಾಗಿದ್ದ ಟೆನರ್ ಗಾಯಕ ಜಾನ್ ದ ರೆಸ್ಕೆಯ ಕಂಠ ಹೇಗಿತ್ತೆಂದು ಯಾರಾದರೂ ಕೇಳಿದರೆ, ಜಗತ್ತಿನಲ್ಲಿ ತೋರಿಸಲು ಉಳಿದಿರುವುದು ಈ ಗೊರಗೊರ ಒಂದೇ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2002ರಲ್ಲಿ ತನ್ನ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಯನ್ನು ಆರಂಭಿಸಿದಾಗ ಮೊದಲ ಕಂತಿನಲ್ಲೇ ಮೇಪಲ್‌ಸನ್ ಉರುಳೆಗಳನ್ನು ಸೇರಿಸಿತು.

ಅವುಗಳಲ್ಲಿ ಬಹುಪಾಲು ಇರುವುದು ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ಪ್ರದರ್ಶನ ಕಲೆಗಳ ಶಾಖೆ ಮ್ಯಾನ್‌ಹಟನ್‌ನ ಲಿಂಕನ್ ಸೆಂಟರ್ ಆವರಣದಲ್ಲಿದೆ. 1965ರ ನವೆಂಬರ್ 30ರಂದು ಬಾಗಿಲು ತೆರೆದ ಈ ಶಾಖೆಯ ಒಂದು ಪಕ್ಕಕ್ಕೆ ಮೆಟ್ರೊಪಾಲಿಟನ್ ಒಪೆರಾ ಇದೆ. ವಿವಿಯನ್ ಬೋಮಾಂಟ್ ನಾಟಕಶಾಲೆಯಂತೂ ಇದೇ ಕಟ್ಟಡದೊಳಗಿದೆ. ನಾಟಕಶಾಲೆಯನ್ನು ರೂಪಿಸಿದವರು ಏರೊ ಸಾರಿನೆನ್, ಗ್ರಂಥಾಲಯವನ್ನು ರೂಪಿಸಿದವರು ಗಾರ್ಡನ್ ಬನ್‌ಶಾಫ್ಟ್. ಇಬ್ಬರು ವಾಸ್ತುಶಿಲ್ಪಿಗಳು ಒಂದೇ ಸೂರಿನ ಕೆಳಗೆ ಸಂಸಾರ ಹೂಡಬೇಕಾಗಿ ಬಂದಾಗ, ಗ್ರಂಥಾಲಯದ ದಾಸ್ತಾನನ್ನು ನಾಟಕಶಾಲೆಯ ತಲೆಯ ಮೇಲಿನ ಅಂತಸ್ತಿಗೆ ಏರಿಸಿದರು. ಕೆಳಗೆ ಇವತ್ತಿನ ನಾಟಕ ನಡೆಯುತ್ತಿರುತ್ತದೆ, ಮೇಲೆ ನಿನ್ನೆಯವು ಪೆಟ್ಟಿಗೆಗಳಲ್ಲಿ ಮಲಗಿರುತ್ತವೆ.

ಪುಸ್ತಕ ಇಲ್ಲಿ ಅಲ್ಪಸಂಖ್ಯಾತ. ಹೆಚ್ಚಿನದೆಲ್ಲ ನಾಟಕದ ಹ್ಯಾಂಡ್‌ಬಿಲ್ಲು, ಪ್ರಾಂಪ್ಟರನ ಪ್ರತಿ, ವೇಷಭೂಷಣದ ಕರಡುಚಿತ್ರ, ರಂಗಸಜ್ಜಿಕೆಯ ಪುಟ್ಟ ಮಾದರಿ, ಫೋಟೊದ ನೆಗೆಟಿವ್, ಪತ್ರ, ಗುತ್ತಿಗೆ ಕಾಗದ, ಗಾನತಟ್ಟೆ, ಟೇಪು. ಸಂಗೀತ, ರಂಗಭೂಮಿ, ನೃತ್ಯ, ಧ್ವನಿಮುದ್ರಣ ಇಲ್ಲಿನ ದೊಡ್ಡ ಸಂಗ್ರಹಗಳು. ಇವುಗಳ ಜೊತೆಗೆ ನಾಟಕದ ಪಠ್ಯ, ಸ್ವರಲಿಪಿಗಳನ್ನು ಮನೆಗೆ ಒಯ್ಯಲು ಕೊಡುವ ಮಾಮೂಲಿ ಶಾಖೆಯೂ ಉಂಟು. ನ್ಯೂಯಾರ್ಕ್ ರಾಜ್ಯದಲ್ಲಿ ವಾಸವಿರುವ, ದುಡಿಯುವ ಅಥವಾ ಓದುವ ಯಾರಿಗೇ ಆದರೂ ಕಾರ್ಡ್ ಪುಕ್ಕಟೆ. ನಟನಾಗಲು ಊರು ಬಿಟ್ಟು ಬಂದು ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿರುವ ಹುಡುಗ ಮರುದಿನದ ಆಡಿಷನ್‌ಗೆ ಬೇಕಾದ ಪಠ್ಯವನ್ನು ಇಲ್ಲಿಂದಲೇ ಎರವಲು ಒಯ್ಯಬಹುದು.

ಇಷ್ಟೆಲ್ಲ ಯಾರೋ ಕುಳಿತು ಯೋಜನೆ ಹಾಕಿ ಕೂಡಿಸಿದ್ದಲ್ಲ. ಮೇಪಲ್‌ಸನ್ನನ ತರಹದ ಹಟಮಾರಿಗಳು ಒಬ್ಬರಾದ ಮೇಲೊಬ್ಬರು ಬಂದರು. ರಂಗಭೂಮಿ ವಿಭಾಗ ಹುಟ್ಟಿದ್ದೇ ಒಂದು ಷರತ್ತಿನಿಂದ. ಬ್ರಾಡ್‌ವೇಯ ನಿರ್ದೇಶಕ, ನಿರ್ಮಾಪಕ ಡೇವಿಡ್ ಬೆಲಾಸ್ಕೊ 1931ರಲ್ಲಿ ತೀರಿಕೊಂಡ ಮೇಲೆ ಅವರ ಆಸ್ತಿ ನೋಡಿಕೊಳ್ಳುತ್ತಿದ್ದವರು, ಸಂಗ್ರಹವನ್ನೆಲ್ಲ ಕೊಡುತ್ತೇವೆ, ಆದರೆ ನಾಟಕಕ್ಕೆಂದೇ ಬೇರೆ ವಿಭಾಗ ತೆರೆಯಬೇಕು ಎಂದರು. ಗ್ರಂಥಾಲಯ ಒಪ್ಪಿಕೊಂಡಿತು.

ನೃತ್ಯದ ಕಥೆ ಇನ್ನೂ ಸ್ವಾರಸ್ಯದ್ದು. ನಾಟಕಕ್ಕೆ ಪಠ್ಯವಿದೆ, ಸಂಗೀತಕ್ಕೆ ಸ್ವರಲಿಪಿಯಿದೆ. ನೃತ್ಯ ಇರುವುದು ಕುಣಿದವರ ಮೈಯಲ್ಲಿ. ಅದನ್ನು ಗ್ರಂಥಾಲಯದ ಕಪಾಟಿನಲ್ಲಿ ಇಡುವುದು ಹೇಗೆ? 1944ರಲ್ಲಿ ಸಂಗೀತ ವಿಭಾಗದ ಒಂದು ಮೂಲೆಯಾಗಿ ಶುರುವಾದ ನೃತ್ಯ ಸಂಗ್ರಹವನ್ನು 1947ರಿಂದ ನೋಡಿಕೊಂಡವರು ಜೆನೆವೀವ್ ಆಸ್ವಾಲ್ಡ್. ಸಂಗೀತ ಓದಿಕೊಂಡಿದ್ದ ಅವರು ನಾಲ್ಕು ದಶಕ ಅಲ್ಲೇ ಬೇರುಬಿಟ್ಟರು. ಅವರ ಕಾಲದಲ್ಲೇ, 1964ರಲ್ಲಿ, ಅದು ಸ್ವತಂತ್ರ ವಿಭಾಗವಾಯಿತು. ಕುಣಿತವನ್ನು ಫಿಲ್ಮಿನಲ್ಲಿ ಹಿಡಿಯದಿದ್ದರೆ ಉಳಿದದ್ದೆಲ್ಲ ಬರೀ ಹೊಟ್ಟು ಎಂಬುದು ಅವರಿಗೆ ಗೊತ್ತಿತ್ತು. ಫಿಲ್ಮಿಗೆ ದುಡ್ಡು ಬೇಕಲ್ಲ! ಅದು ಬಂದದ್ದು ಒಂದು ನಾಟಕದಿಂದ. 1964ರಲ್ಲಿ ಬ್ರಾಡ್‌ವೇಯಲ್ಲಿ ಭರ್ಜರಿ ಗೆದ್ದ ಸಂಗೀತ ನಾಟಕ ‘ಫಿಡ್ಲರ್ ಆನ್ ದ ರೂಫ್’ನ ನಿರ್ದೇಶಕ, ನೃತ್ಯ ಸಂಯೋಜಕ ಜೆರೋಮ್ ರಾಬಿನ್ಸ್ ತಮ್ಮ ಗೌರವಧನದ ಒಂದು ಪಾಲನ್ನು ನೃತ್ಯಚಿತ್ರಗಳ ಸಂಗ್ರಹಕ್ಕೆಂದು ಗ್ರಂಥಾಲಯದ ಹೆಸರಿಗೆ ಬರೆದುಕೊಟ್ಟರು. ನಾಟಕ ಓಡಿದಷ್ಟೂ ಸಂಗ್ರಹ ಬೆಳೆಯಿತು. 1998ರಲ್ಲಿ ಅವರು ತೀರಿಕೊಂಡ ಮರುವರ್ಷ ವಿಭಾಗಕ್ಕೆ ಅವರದೇ ಹೆಸರು ಬಂತು.

ಈ ನೃತ್ಯ ವಿಭಾಗದಲ್ಲಿ ಬೆಂಗಳೂರಿಗೂ ಒಂದು ದಾರಿಯಿದೆ. ಅಮೆರಿಕದ ನರ್ತಕಿ ರೂತ್ ಸೇಂಟ್ ಡೆನಿಸ್ 1906ರಲ್ಲಿ ‘ರಾಧಾ’ ಎಂಬ ನೃತ್ಯ ಕಟ್ಟಿ ನ್ಯೂಯಾರ್ಕನ್ನು ಬೆರಗುಗೊಳಿಸಿದಾಗ ಆಕೆ ಭಾರತವನ್ನು ಕಂಡೇ ಇರಲಿಲ್ಲ. ಟೆಡ್ ಶಾನ್ ಜೊತೆ ಆಕೆ ನಡೆಸಿದ ಡೆನಿಶಾನ್ ತಂಡ ಏಷ್ಯಾ ಪ್ರವಾಸದ ಅಂಗವಾಗಿ ಭಾರತಕ್ಕೆ ಬಂದದ್ದು 1920ರ ದಶಕದ ನಡುವಿನಲ್ಲಿ. ಆ ತಂಡದ ಸಂಗ್ರಹ ಇಲ್ಲಿದೆ. ಲಾ ಮೆರಿ ಎಂಬ ಅಮೆರಿಕನ್ ನರ್ತಕಿಯ ಕಾಗದಪತ್ರಗಳೂ ಇಲ್ಲಿವೆ. ಆಕೆ ಭಾರತಕ್ಕೆ ಬಂದು ಭರತನಾಟ್ಯ ಕಲಿತವಳು. 1936ರ ಹೊತ್ತಿಗೆ ಆಕೆಯ ಕಣ್ಣಿಗೆ ಬಿದ್ದ ತರುಣ ರಾಮ್ ಗೋಪಾಲ್, 1912ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಮನೆಯವರ ವಿರೋಧದ ನಡುವೆ ಮೈಸೂರಿನ ಯುವರಾಜರ ಪ್ರೋತ್ಸಾಹದಿಂದ ಕುಣಿತವನ್ನು ಹಿಡಿದಿದ್ದ. ಲಾ ಮೆರಿ ಅವನನ್ನು ಪೂರ್ವದೇಶಗಳ ಪ್ರವಾಸಕ್ಕೆ ಕರೆದೊಯ್ದಳು. ಪ್ರವಾಸದ ನಡುವೆಯೇ ಇಬ್ಬರೂ ಬೇರೆಯಾದರು. ರಾಮ್ ಗೋಪಾಲ್ ತನ್ನ ಪಾಡಿಗೆ ತಾನು ಅಮೆರಿಕ ತಲುಪಿ 1938ರಲ್ಲಿ ನ್ಯೂಯಾರ್ಕಿನಲ್ಲಿ ಕುಣಿದ. ಎರಡು ವರ್ಷದ ಬಳಿಕ ಲಾ ಮೆರಿ ಮತ್ತು ಸೇಂಟ್ ಡೆನಿಸ್ ಕೂಡಿ ಅದೇ ಊರಿನಲ್ಲಿ ‘ನಾಟ್ಯ’ದ ಹೆಸರಿನಲ್ಲೇ ಶಾಲೆ ತೆರೆದರು. ಭಾರತದ ನೃತ್ಯ ಪರದೇಶಕ್ಕೆ ಹೋದ ಬಗೆಯನ್ನು ಬರೆಯಹೊರಟವರು ಈ ವಿಭಾಗದ ಮೆಟ್ಟಿಲು ಹತ್ತದೆ ಆ ಕೆಲಸ ಮುಗಿಸಲಾರರು.

ಇನ್ನು ಬೆಟ್ಟಿ ಕಾರ್ವಿನ್. ಈ ಸಂಸ್ಥೆಯ ಕಥೆಯಲ್ಲಿ ಒಬ್ಬರನ್ನೇ ಆರಿಸಬೇಕೆಂದರೆ ಆರಿಸಬೇಕಾದವರು ಇವರು. ಕನೆಕ್ಟಿಕಟ್‌ನಲ್ಲಿ ಸಂಸಾರ ಮಾಡಿಕೊಂಡಿದ್ದ ನಾಟಕಪ್ರಿಯ ಗೃಹಿಣಿ. ಬ್ರಾಡ್‌ವೇ ನಾಟಕಗಳನ್ನು ಪ್ರೇಕ್ಷಕರ ಎದುರಿಗೇ ಚಿತ್ರೀಕರಿಸಿ ಗ್ರಂಥಾಲಯದಲ್ಲಿ ಇಡಬಾರದೇಕೆ ಎಂದು 1960ರ ದಶಕದ ಕೊನೆಯಲ್ಲಿ ಕೇಳಿಕೊಂಡು ಬಂದರು. ಗ್ರಂಥಾಲಯ ಕೊಟ್ಟದ್ದು ಒಂದು ಮೇಜು, ಒಂದು ಫೋನು. ಸಂಬಳವಿಲ್ಲ.

ಆ ಪ್ರಶ್ನೆ ಸುಲಭದ್ದಾಗಿರಲಿಲ್ಲ. ನಾಟಕವೊಂದನ್ನು ಚಿತ್ರೀಕರಿಸಬೇಕೆಂದರೆ ನಾಟಕಕಾರ, ನಿರ್ದೇಶಕ, ನಿರ್ಮಾಪಕ, ನಟರು, ವಾದ್ಯಗಾರರು, ವಿನ್ಯಾಸಕಾರರು, ರಂಗದ ಹಿಂದಿನ ಕೆಲಸಗಾರರು, ಎಲ್ಲರೂ ಒಪ್ಪಬೇಕು. ಪ್ರತಿಯೊಬ್ಬರಿಗೂ ಒಂದೊಂದು ಯೂನಿಯನ್. ಪ್ರತಿ ಯೂನಿಯನ್ನಿಗೂ ಒಂದೇ ಅಂಜಿಕೆ: ಸಿನಿಮಾ ಹೊರಬಿದ್ದರೆ ಟಿಕೆಟ್ ಕೊಳ್ಳುವವರಾರು? ಬೆಟ್ಟಿ ಒಂದೊಂದೇ ಬಾಗಿಲು ತಟ್ಟಿದರು, ಬೈಸಿಕೊಂಡರು, ಮತ್ತೆ ಹೋದರು. ಕೊನೆಗೆ ಒಪ್ಪಂದವಾಯಿತು: ನೋಡುವುದು ಗ್ರಂಥಾಲಯದ ಒಳಗೆ ಮಾತ್ರ, ಅಧ್ಯಯನಕ್ಕೆ ಅಥವಾ ವೃತ್ತಿಯ ಅಗತ್ಯಕ್ಕೆ ಮಾತ್ರ, ಪ್ರತಿ ತೆಗೆಯುವಂತಿಲ್ಲ. 1970ರಲ್ಲಿ ಮೊದಲು ಚಿತ್ರೀಕರಣಗೊಂಡದ್ದು ಬ್ರಾಡ್‌ವೇ ನಾಟಕವೂ ಅಲ್ಲ. ಟೋಕಿಯೊದಿಂದ ಬಂದಿದ್ದ ತಂಡವೊಂದರ ‘ಗೋಲ್ಡನ್ ಬ್ಯಾಟ್’ ಎಂಬ ರಾಕ್ ಸಂಗೀತ ನಾಟಕ. ಮುಂದೆ ಸಾಲುಸಾಲಾಗಿ ಬಂದವುಗಳಲ್ಲಿ ‘ಎ ಕೋರಸ್ ಲೈನ್’ ಕೂಡ ಇದೆ. ಬೆಟ್ಟಿ ಮೂರು ದಶಕ ಆ ಮೇಜನ್ನು ಬಿಡಲಿಲ್ಲ. 2001ರಲ್ಲಿ ರಂಗಭೂಮಿಯ ಟೋನಿ ಪ್ರಶಸ್ತಿಯವರು ಅವರನ್ನೂ ಸಂಗ್ರಹವನ್ನೂ ಗೌರವಿಸಿದರು. 2019ರಲ್ಲಿ, 98ನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಒಪ್ಪಂದದ ಆ ನಿಯಮಗಳು ಈಗಲೂ ಇವೆ. ಮೊದಲೇ ಹೇಳಿ ಸಮಯ ಗೊತ್ತುಮಾಡಿಕೊಳ್ಳಬೇಕು, ಹೆಡ್‌ಫೋನ್ ಹಾಕಿಕೊಂಡು ಗ್ರಂಥಾಲಯದ ಪರದೆಯ ಮುಂದೆ ಕೂರಬೇಕು. ಯಾವ ಹಾಡನ್ನಾದರೂ ಅಂಗೈಯಲ್ಲಿ ನೋಡುವ ಕಾಲದಲ್ಲಿ ಇದೇನು ಮಡಿ ಎಂದು ಸಿಡುಕುವವರುಂಟು. ಅವರ ಸಿಡುಕಿನಲ್ಲಿ ಹುರುಳಿಲ್ಲದೆ ಇಲ್ಲ: ಮೈಸೂರಿನಲ್ಲೋ ಮುಂಬೈಯಲ್ಲೋ ಕೂತ ರಂಗಭೂಮಿ ವಿದ್ಯಾರ್ಥಿಗೆ ಈ ಸಾರ್ವಜನಿಕ ಆಸ್ತಿ ಗಾಜಿನಾಚೆಯ ಮಿಠಾಯಿ. ಆದರೆ ಆ ಬೀಗ ಇಲ್ಲದಿದ್ದರೆ ಯೂನಿಯನ್ನುಗಳು ಕ್ಯಾಮೆರಾವನ್ನು ಒಳಗೇ ಬಿಡುತ್ತಿರಲಿಲ್ಲ, ನೋಡಲು ಏನೂ ಉಳಿಯುತ್ತಿರಲಿಲ್ಲ. ಹಳೆಯ ನಾಟಕವನ್ನು ಮತ್ತೆ ಕಟ್ಟುವ ನಿರ್ದೇಶಕರು ತಾಲೀಮಿಗೆ ಮುನ್ನ ಇಲ್ಲಿಗೆ ಬಂದು ಕೂರುವುದುಂಟು. ಮೊದಲ ಬಾರಿ ಅದನ್ನು ಹೇಗೆ ಆಡಿದ್ದರೆಂದು ನೋಡುವುದು ಕೆಲವೊಮ್ಮೆ ಹಾಗೇ ಆಡಲು, ಕೆಲವೊಮ್ಮೆ ಹಾಗೆ ಆಡದಿರಲು.

ಈ ಚಿತ್ರೀಕರಣಗಳನ್ನು ನೋಡಲು ಕಾರಣ ಬೇಕು, ಪ್ರದರ್ಶನಕ್ಕೆ ಬೇಡ. ಗ್ರಂಥಾಲಯದ ಗ್ಯಾಲರಿಗಳಿಗೆ ಪ್ರವೇಶ ಉಚಿತ. ದೊಡ್ಡ ಗ್ಯಾಲರಿಗೆ ರಂಗಸಜ್ಜಿಕೆಯ ವಿನ್ಯಾಸಕಾರ ಡೊನಾಲ್ಡ್ ಓನ್‌ಸ್ಲೇಗರ್ ಮತ್ತು ಅವರ ಪತ್ನಿಯ ಹೆಸರಿದೆ. ಕಾಗದಕ್ಕೂ ಬಟ್ಟೆಗೂ ಬೆಳಕೇ ವೈರಿ. ಆದ್ದರಿಂದ ಇಂಥ ಪ್ರದರ್ಶನಗಳಲ್ಲಿ ದೀಪ ಮಂದವಾಗಿರುತ್ತದೆ, ವಸ್ತುಗಳು ಕೆಲವು ತಿಂಗಳು ಹೊರಗಿದ್ದು ಮತ್ತೆ ಕತ್ತಲಿಗೆ ಮರಳುತ್ತವೆ. ನಿರ್ಮಾಪಕ, ನಿರ್ದೇಶಕ ಹೆರಾಲ್ಡ್ ಪ್ರಿನ್ಸ್ ಕುರಿತ ಪ್ರದರ್ಶನಕ್ಕೆ ಸಿದ್ಧತೆ ನಡೆದಿದ್ದಾಗ, 2019ರ ಜುಲೈನಲ್ಲಿ, ಅವರೇ ತೀರಿಕೊಂಡರು. ಸೆಪ್ಟೆಂಬರಿನಲ್ಲಿ ಬಾಗಿಲು ತೆರೆದಾಗ ಬಂದವರಿಗೆ ಅದು ಶ್ರದ್ಧಾಂಜಲಿಯೂ ಆಯಿತು.

ತೀರಾ ಬೇರೆ ಜಾತಿಯದು 2022ರ ಜೂನ್‌ನಲ್ಲಿ ತೆರೆದ ಲೂ ರೀಡ್ ಪ್ರದರ್ಶನ. ‘ವೆಲ್ವೆಟ್ ಅಂಡರ್‌ಗ್ರೌಂಡ್’ ತಂಡದ ಈ ರಾಕ್ ಹಾಡುಗಾರ 2013ರಲ್ಲಿ ತೀರಿಕೊಂಡರು. ಅವರ ಪತ್ನಿ, ಕಲಾವಿದೆ ಲಾರಿ ಆ್ಯಂಡರ್ಸನ್ ಎಲ್ಲವನ್ನೂ ಗ್ರಂಥಾಲಯಕ್ಕೆ ಕೊಡುವುದೆಂದು ನಿರ್ಧರಿಸಿದ್ದು 2017ರಲ್ಲಿ ಪ್ರಕಟವಾಯಿತು. ಸುಮಾರು 600 ಗಂಟೆಗಳ ಧ್ವನಿ ಮತ್ತು ವಿಡಿಯೊ ಮುದ್ರಣಗಳು, ಜೊತೆಗೆ ರಾಶಿ ರಶೀದಿಗಳು. ಗ್ರಂಥಾಲಯ ಲೂ ರೀಡ್ ಮುಖವಿರುವ ವಿಶೇಷ ಸದಸ್ಯತ್ವ ಕಾರ್ಡನ್ನೂ ಅಚ್ಚು ಹಾಕಿಸಿತು.

ಆ ಸಾಮಾನಿನ ನಡುವೆ ಒಂದು ಪೊಟ್ಟಣ ಸಿಕ್ಕಿತು. 1965ರ ಮೇ ತಿಂಗಳ ಅಂಚೆ ಮುದ್ರೆ. ಕಳಿಸಿದವರು ಲೂ ರೀಡ್, ತಲುಪಬೇಕಾದವರೂ ಲೂ ರೀಡ್. ಹಾಡುಗಳು ತನ್ನವೇ ಎಂದು ತಾರೀಖಿನ ಸಮೇತ ಸಾಬೀತು ಮಾಡಲು ಕೈಯಲ್ಲಿ ಕಾಸಿಲ್ಲದವರು ಹೂಡುತ್ತಿದ್ದ ಉಪಾಯ ಅದು. ಒಡೆದರೆ ಸಾಕ್ಷ್ಯ ಕೆಟ್ಟಂತೆ. ಹಾಗಾಗಿ ಹೆಸರು ಬಂದ ಮೇಲೂ ಅವರು ಅದನ್ನು ಒಡೆದಿರಲಿಲ್ಲ. ಅವರ ನಿಧನಾನಂತರ ಸಂಗ್ರಹ ಜೋಡಿಸುತ್ತಿದ್ದವರು ತೆರೆದಾಗ ಒಳಗಿದ್ದದ್ದು ಟೇಪಿನ ಒಂದು ಸುರುಳಿ. ಮುಂದೆ ಜಗತ್ಪ್ರಸಿದ್ಧವಾಗಲಿದ್ದ ಹಾಡುಗಳನ್ನು ಇಪ್ಪತ್ಮೂರರ ಹುಡುಗ ಜಾನಪದ ಗಾಯಕನ ಧಾಟಿಯಲ್ಲಿ ಗಿಟಾರ್ ಮೀಟುತ್ತ ಹಾಡಿದ್ದ. ಅವು 2022ರಲ್ಲಿ ಆಲ್ಬಂ ಆಗಿ ಹೊರಬಂದವು.

ಮೇಪಲ್‌ಸನ್ನನ ಉರುಳೆಗಳ ಕೆಲಸವೂ ಮುಗಿದಿಲ್ಲ. ಅವನ ವಂಶಸ್ಥರು ತಮ್ಮ ಬಳಿ ಉಳಿದಿದ್ದ 16 ಉರುಳೆಗಳನ್ನೂ ಅವನ ದಿನಚರಿಗಳನ್ನೂ ಇತ್ತೀಚೆಗೆ ಗ್ರಂಥಾಲಯದ ಕೈಗೆ ಒಪ್ಪಿಸಿದರು. ಹಳೆಯ ಉರುಳೆಗೆ ಸೂಜಿ ಒತ್ತಿದರೆ ಪ್ರತಿ ಸಲವೂ ಮೇಣ ಒಂದಿಷ್ಟು ಸವೆಯುತ್ತದೆ. ಮೇಪಲ್‌ಸನ್ ತಾನೇ ಹಿಡಿದ ಹಾಡನ್ನು ತಾನೇ ಮತ್ತೆ ಮತ್ತೆ ಕೇಳಿ ಸವೆಸಿದ್ದೂ ಉಂಟು. ಈಗ ಗ್ರಂಥಾಲಯದಲ್ಲಿ ಲೇಸರ್ ನೆರವಿನಿಂದ ನಡೆಯುವ, ಬಿರುಕು ಬಿಟ್ಟ ಉರುಳೆಯನ್ನೂ ನುಡಿಸಬಲ್ಲ ಯಂತ್ರವಿದೆ. ಕೆಲವು ಉರುಳೆಗಳಲ್ಲಿ ಹಾಡಿನ ತುದಿಗೆ ಚಪ್ಪಾಳೆ ಶುರುವಾಗುತ್ತದೆ. ಸಭೆ ಇನ್ನೂ ತಟ್ಟುತ್ತಿರುವಾಗಲೇ ಮೇಣ ಮುಗಿಯುತ್ತದೆ.